ಪಾರಣೆಗೆ ಮೊದಲು



ಶ್ರೀಕೃಷ್ಣಾಷ್ಟಮಿಯಂದು ಉಪವಾಸವಿದ್ದು, ನಡುರಾತ್ರಿ ಚಂದ್ರೋದಯದಲ್ಲಿ ಅರ್ಘ್ಯವಿತ್ತ ಮರುದಿನ ಉಡುಪಿಯಲ್ಲಿ ವಿಟ್ಲಪಿಂಡಿ. ಸ್ವಾಮಿಯ ಮೃಣ್ಮಯ ಮೂರ್ತಿಯು ರಥವನ್ನೇರಿ ರಥಬೀದಿಗೆ ಬರುತ್ತದೆ. ಗೊಲ್ಲವೇಷದವರು ಮೊಸರುಕುಡಿಕೆಗಳನ್ನು ಒಡೆಯುತ್ತಾರೆ; ಉಂಡೆ ಚಕ್ಕುಲಿಗಳು ನೆರೆದವರ ಕೈಸೇರುತ್ತವೆ. ಕೈಯೊಡ್ಡಿದವನ ಕುಲಗೋತ್ರಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಒಳಗೆ ಬರಲಾರದವರಿಗೂ ದರ್ಶನವಾಗಲೆಂದೇ ಸ್ವಾಮಿಯು ಬೀದಿಗಿಳಿಯುತ್ತಾನೆಂದು ನಾನು ತಿಳಿದಿದ್ದೇನೆ. ಆದರೆ ಬೀದಿಯವರೆಗೂ ಬರಲಾರದವರಿದ್ದಾರಲ್ಲ, ಅವರ ಪಾಡೇನು?

ಬಾಲ್ಯದ ಮಾತು. ನಮ್ಮೂರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಪತಿಯಿಲ್ಲ, ಮಕ್ಕಳಿಲ್ಲ. ಆ ಸ್ಥಿತಿಯಲ್ಲಿಯೂ ಅಷ್ಟಮಿಯ ಉಪವಾಸವನ್ನು ಬಿಟ್ಟವರಲ್ಲ. ಪಾರಣೆಯ ಬೆಳಿಗ್ಗೆ ಅವರಿಗೆ ತೀರ್ಥಪ್ರಸಾದಗಳನ್ನು ಮುಟ್ಟಿಸುವುದು ನನ್ನ ಪಾಲಿನ ಸೇವೆ. ಒಂದು ವರ್ಷ ಕುಡಿಕೆ ಕಟ್ಟುವವರ ಸಂಭ್ರಮದಲ್ಲಿ ಸೇರಿ ಅದನ್ನು ಮರೆತೆ. ಪೂಜೆ ಮುಗಿಸಿ ಎಲೆಯ ಮುಂದೆ ಕುಳಿತ ತೀರ್ಥರೂಪರು, "ಅವರ ಪಾರಣೆಯಾಯಿತೇನೋ?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ; ಎಲೆ ಬಿಟ್ಟು ಎದ್ದರು.

ಓಡಿಹೋದೆ. ಅಜ್ಜಿ ಬಾಗಿಲ ಕಡೆಗೇ ಮುಖಮಾಡಿ ಮಲಗಿದ್ದರು, ನೀರನ್ನೂ ಮುಟ್ಟಿರಲಿಲ್ಲ. "ಬಂದೆಯಾ ಮಗೂ? ಇಂದು ನಿಮಗೆ ದೇವರ ಕೆಲಸ ಹೆಚ್ಚು" ಎಂದರಷ್ಟೆ. ತೀರ್ಥವನ್ನು ಹಾಕುವಾಗ ನನ್ನ ಕೈ ನಡುಗಿತು.

ಭಾಗವತದ ಸಪ್ತಮಸ್ಕಂಧದಲ್ಲಿ ನಾರದರು ಧರ್ಮರಾಜನಿಗೆ ಗೃಹಸ್ಥಧರ್ಮವನ್ನು ಹೇಳುತ್ತ, ನಾಯಿ, ಪತಿತ, ಊರ ಕೊನೆಯಲ್ಲಿರುವವನು, ಇವರವರೆಗೂ ಭೋಗ್ಯವಸ್ತುಗಳನ್ನು ಹಂಚಬೇಕೆನ್ನುತ್ತಾರೆ. ಸರ್ವಜೀವರಲ್ಲಿರುವ ತನ್ನನ್ನು ಅಲಕ್ಷಿಸಿ ಪ್ರತಿಮೆಯನ್ನಷ್ಟೇ ಪೂಜಿಸುವುದು ಬೂದಿಯಲ್ಲಿ ಹೋಮಮಾಡಿದಂತೆ ಎಂಬುದು ತೃತೀಯಸ್ಕಂಧದಲ್ಲಿ ಕಪಿಲರೂಪಿ ಪರಮಾತ್ಮನ ಮಾತು. ಶ್ರೀಮದಾಚಾರ್ಯರಂತೂ ಜನಸೇವೆಯನ್ನು ಅರಸನಿಗೆ ಸಲ್ಲಿಸುವ ಕರಕ್ಕೆ ಹೋಲಿಸಿದ್ದಾರೆ. ಕಂದಾಯ ಕಟ್ಟಿದವನು ದಾನಮಾಡಿದೆನೆಂದು ಹೇಳಿಕೊಳ್ಳುವುದುಂಟೇ?

ಪಂಕ್ತಿಯೆಲ್ಲ ಎದ್ದಮೇಲೆ ಉಳಿದುದನ್ನು ಹೂವಿನವಳಿಗೂ ವಾದ್ಯದವರಿಗೂ ಹಾಕಿಸಿ ಹಂಚಿಕೊಂಡೆವೆನ್ನುತ್ತೇವೆ. ನಸುಕಿನಿಂದ ಒಲೆಯ ಮುಂದೆ ನಿಂತು ಚಕ್ಕುಲಿ ಕರಿದ ವಿಧವೆ ಅತ್ತೆಯನ್ನು ಮಂಗಳಾರತಿಯ ಹೊತ್ತಿಗೆ ಹೊರಗೆ ಕರೆಯುವುದಿಲ್ಲ. ಇದು ಯಾವ ಶಾಸ್ತ್ರವೋ ನಾನು ಓದಿದಂತಿಲ್ಲ. ಮಕ್ಕಳು ಪರದೇಶದಲ್ಲಿದ್ದು ಒಬ್ಬರೇ ಉಳಿದ ಹಿರಿಯರು ಈಗ ಪ್ರತಿಯೊಂದು ಬೀದಿಯಲ್ಲಿಯೂ ಇದ್ದಾರೆ.

ಈ ಅಷ್ಟಮಿಯ ಪಾರಣೆಯ ದಿನ ಹಸ್ತೋದಕವಾದೊಡನೆ ತೀರ್ಥಪ್ರಸಾದಗಳು ಮೊದಲು ಅಂತಹವರ ಮನೆಗಳಿಗೆ ಹೊರಡಲಿ. ಒಯ್ಯುವುದಕ್ಕೆ ಹುಡುಗರನ್ನು ಕಳುಹಿಸುವುದಾದರೆ, ಎಲೆಯ ಮುಂದೆ ಕುಳಿತಾಗ ಒಮ್ಮೆ ಅವರನ್ನು ಕೇಳಿಬಿಡಿ.

॥ ಶ್ರೀಕೃಷ್ಣಾರ್ಪಣಮಸ್ತು ॥