ಏಳನೇ ಅಕ್ಷರ

ಆರ್ಮೇನಿಯನ್ ವರ್ಣಮಾಲೆಯ ಏಳನೇ ಅಕ್ಷರದ ಹೆಸರು ‘ಏ’. ಅದೊಂದೇ ಅಕ್ಷರ ಪೂರ್ತಿ ಒಂದು ಪದವೂ ಹೌದು. ಅರ್ಥ: ‘ಇದೆ’, ‘ಇದ್ದಾನೆ’. ಅದಕ್ಕೇ ಅಲ್ಲಿನ ಚರ್ಚುಗಳಲ್ಲಿ ಪೂಜಾವೇದಿಕೆಯ ಮೇಲೆ ಬರೀ ಈ ಅಕ್ಷರ ಬರೆದಿರುತ್ತಾರೆ. ದೇವರು ಇದ್ದಾನೆ, ಅಷ್ಟೇ.

ಸುಮಾರು 405ರಲ್ಲಿ ಮೆಸ್ರೋಪ್ ಮಾಷ್ಟೊಟ್ಸ್ ರೂಪಿಸಿದ 36 ಅಕ್ಷರಗಳಲ್ಲಿ ಇದೂ ಒಂದು. 1922ರಲ್ಲಿ ಸೋವಿಯತ್ ಆರ್ಮೇನಿಯದ ಸರ್ಕಾರ ಕಾಗುಣಿತ ಸುಧಾರಣೆಗೆ ಕೈಹಾಕಿ ‘ಏ’ಯನ್ನು ಕಿತ್ತುಹಾಕಿತು. ಐದನೇ ಅಕ್ಷರ ‘ಯೆಚ್’ ಕೂಡ ಪದದ ನಡುವೆ ಅದೇ ಸದ್ದು ಕೊಡುತ್ತೆ, ಮತ್ತೆ ಎರಡು ಯಾಕೆ? ಆಡಿದಂತೆ ಬರೆದರೆ ಕಲಿಯೋದು ಸುಲಭ.

ಈ ವಾದ ನನಗೆ ತಕ್ಷಣ ಹಿಡಿಸುತ್ತೆ, ಸುಳ್ಳು ಯಾಕೆ ಹೇಳಲಿ. ಎರಡು ಕಡೆ ಒಂದೇ ಕೋಡ್ ಕಂಡರೆ ಒಂದನ್ನ ಡಿಲೀಟ್ ಮಾಡೋದೇ ನನ್ನ ಕೆಲಸ. ಅದಕ್ಕಿಂತ ಹೆಚ್ಚಾಗಿ, ನಮ್ಮೂರ ಶಾಲೆಯಲ್ಲಿ ‘ಭಾಷೆ’ಯನ್ನು ‘ಬಾಸೆ’ ಅಂತ ಬರೆದ ಹುಡುಗರ ಕಿವಿ ಕೆಂಪಾಗೋದನ್ನ ನೋಡಿದ್ದೀನಿ. ಮನೆಯಲ್ಲಿ ಆಡಿದ್ದನ್ನೇ ಅವರು ಬರೆದಿದ್ದರು. ಅಂಥ ಮಕ್ಕಳಿಗೆ ಒಂದು ಅಕ್ಷರದ ಭಾರ ಇಳಿಸಿದರೆ ಪುಣ್ಯದ ಕೆಲಸ ಅಲ್ಲವಾ?

ಹೌದು. ಆದರೆ ಆ ತೀರ್ಮಾನ ಆದಾಗ ಆರ್ಮೇನಿಯನ್ನರಲ್ಲಿ ಎಷ್ಟೋ ಜನ ಅಲ್ಲಿ ಇರಲೇ ಇಲ್ಲ. 1915ರ ನರಮೇಧದಲ್ಲಿ ಬದುಕುಳಿದು ಬೈರೂತ್, ಅಲೆಪ್ಪೊ ಅಂತ ದಿಕ್ಕಿಗೊಬ್ಬರಾಗಿದ್ದರು. ಮನೆ ಹೋಗಿತ್ತು, ಹೊಲ ಹೋಗಿತ್ತು. ಮಕ್ಕಳಿಗೆ ಕೊಡೋಕೆ ಉಳಿದಿದ್ದ ಕೆಲವೇ ವಸ್ತುಗಳಲ್ಲಿ ಬರವಣಿಗೆ ಒಂದು. ಅದರಲ್ಲೂ ಒಂದು ತುಂಡು ಕಳೆಯಲು ಅವರನ್ನ ಕೇಳಿದವರು ಯಾರು? ಅವರು ಒಪ್ಪಲಿಲ್ಲ. ಹಳೇ ಕಾಗುಣಿತವನ್ನೇ ಹಿಡಿದುಕೊಂಡರು.

ನಮ್ಮಲ್ಲೂ ೞ, ಱ ಹೋದವು. ಯಾವ ಸರ್ಕಾರವೂ ಅವನ್ನು ತೆಗೆಯಲಿಲ್ಲ. ಜನರ ನಾಲಿಗೆಯಲ್ಲೇ ಸವೆದು, ಶತಮಾನಗಳಲ್ಲಿ ಮೆಲ್ಲಗೆ ಪುಸ್ತಕದಿಂದಲೂ ಇಳಿದವು. ಅದಕ್ಕೆ ದುಃಖಪಡಬಹುದು, ಜಗಳ ಆಡೋಕೆ ಎದುರಿಗೆ ಯಾರೂ ಇಲ್ಲ. ‘ಏ’ಯ ಸದ್ದೂ ಸವೆದು ‘ಯೆಚ್’ ಜೊತೆ ಸೇರಿಹೋಗಿತ್ತು ಅನ್ನಬಹುದು. ಆದರೆ ‘ಇದೆ’ ಅಂತ ಬರೆಯೋಕೆ ಜನ ಅದನ್ನ ದಿನಾ ಬಳಸುತ್ತಿದ್ದರಲ್ಲ. ಸದ್ದು ಒಂದೇ ಆದ ಮಾತ್ರಕ್ಕೆ ಕೆಲಸವೂ ಒಂದೇ ಅಂತ ಲೆಕ್ಕ ಹಾಕಿದ್ದು ನನಗೆ ಒಪ್ಪಿಗೆಯಾಗಲ್ಲ.

1940ರಲ್ಲಿ ಸೋವಿಯತ್ ಆರ್ಮೇನಿಯವೇ ‘ಏ’ಯನ್ನು ವಾಪಸ್ ತಂದಿತು. ಸುಧಾರಣೆಯ ಉಳಿದ ಬಹುಪಾಲು ಹಾಗೇ ಉಳಿಯಿತು. ಹಾಗಾಗಿ ಯೆರೆವಾನಿನ ಹುಡುಗಿಗೂ ಬೈರೂತಿನ ಹುಡುಗಿಗೂ ಇವತ್ತಿಗೂ ಕಾಗುಣಿತ ಬೇರೆ ಬೇರೆ. ‘ಇದೆ’ ಅನ್ನೋದನ್ನ ಮಾತ್ರ ಇಬ್ಬರೂ ಒಂದೇ ಥರ ಬರೀತಾರೆ.