ನಮ್ಮವರ ಕಡತ

ಬಿಸಿಲೆ ಘಾಟಿಯ ಕಡೆಗಿರುವ ವನಗೂರಿನಂಥ ಊರಿನಲ್ಲಿ ಮಳೆಗಾಲವೆಂದರೆ ಬರೀ ಕೊಡೆ, ಕಂಬಳಿಯ ಮಾತಲ್ಲ. ಸಕಲೇಶಪುರ ಸೀಮೆಯಲ್ಲಿ ವಾರಗಟ್ಟಲೆ ಹಿಡಿದು ಹೊಯ್ಯುವ ಮಳೆಗೆ ಹಳೆಯ ಮಣ್ಣಿನ ಗೋಡೆ ನೆನೆದು ನೆನೆದು ಒಂದು ರಾತ್ರಿ ಕುಸಿದುಬಿಡುತ್ತದೆ. ಆಮೇಲೆ ಗ್ರಾಮ ಆಡಳಿತ ಅಧಿಕಾರಿ, ಪಂಚಾಯಿತಿಯ ಪಿಡಿಒ, ಎಂಜಿನಿಯರ್ ಬಂದು ನೋಡುತ್ತಾರೆ. ಫೋಟೊ ತೆಗೆಯುತ್ತಾರೆ, ಮಹಜರು ಬರೆಯುತ್ತಾರೆ. 2019ರ ನೆರೆಯ ನಂತರ ನಮ್ಮ ರಾಜ್ಯದಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಅಲ್ಪಸ್ವಲ್ಪ ಹಾನಿಗೆ 50 ಸಾವಿರ ಎಂದು ಪರಿಹಾರ ನಿಗದಿಯಾಗಿತ್ತು. ಒಂದು ಮನೆ ಯಾವ ವರ್ಗಕ್ಕೆ ಸೇರಬೇಕೆಂಬುದು ಆ ಸ್ವಲ್ಪ ಹೊತ್ತಿನ ಪರಿಶೀಲನೆಯಲ್ಲಿ, ನೋಡಿದವರ ಮಾತಿನ ಮೇಲೆ ನಿಲ್ಲುತ್ತದೆ. ನೋಡುವವರಾದರೂ ಯಾರು? ಎಷ್ಟೋ ಸಲ ನಮಗೆ ಬೇಕಾದವರೇ. ಮಲೆನಾಡಿನ ಊರುಗಳಲ್ಲಿ ಮನೆಗಳು ದೂರದೂರ, ನೆಂಟಸ್ತನ ಮಾತ್ರ ಹತ್ತಿರ. ಪಂಚಾಯಿತಿಯ ಬಿಲ್ ಕಲೆಕ್ಟರ್ ಸೋದರತ್ತೆಯ ಮಗನಾಗಿರುತ್ತಾನೆ, ನೀರು ಬಿಡುವವನು ಷಡ್ಡಕನ ತಮ್ಮನಾಗಿರುತ್ತಾನೆ. ಯಾವ ಮನೆಗೆ ನಲ್ಲಿ, ಯಾವ ಓಣಿಗೆ ಕಾಂಕ್ರೀಟು, ಯಾರಿಗೆ ಗುತ್ತಿಗೆ, ಯಾರ ಹೆಸರು ಮನೆಯ ಪಟ್ಟಿಯಲ್ಲಿ ಎಂಬ ಪ್ರಶ್ನೆಗಳೆಲ್ಲ ಕೊನೆಗೆ ನಮ್ಮನಮ್ಮವರ ಮೇಜಿನ ಮೇಲೇ ಬಂದು ಕೂರುತ್ತವೆ.

ಬಡಿಸುವವ ನಮ್ಮವನಾದರೆ ಯಾವ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆಯನ್ನು ನಾವೆಲ್ಲ ಒಮ್ಮೆಯಾದರೂ ಆಡಿದವರೇ. ಆದರೆ ಸರ್ಕಾರದ ಊಟದಲ್ಲಿ ಪಾತ್ರೆಯೂ ಪದಾರ್ಥವೂ ಬಡಿಸುವವನದಲ್ಲ. ಇದನ್ನು ಕಾನೂನು ಮೊದಲೇ ಮನಗಂಡಿದೆ. 1993ರ ಪಂಚಾಯತ್ ರಾಜ್ ಅಧಿನಿಯಮದ 12ನೇ ಪ್ರಕರಣ ಪಂಚಾಯಿತಿಯ ಕೆಲಸದಲ್ಲಾಗಲೀ ಗುತ್ತಿಗೆಯಲ್ಲಾಗಲೀ ಪಾಲಿರುವವರನ್ನು ಸದಸ್ಯತ್ವಕ್ಕೆ ಅನರ್ಹರೆನ್ನುತ್ತದೆ. ಆ ಪಾಲು ನೇರವಾಗಿ ಇರಲಿ, ಇನ್ನೊಬ್ಬರ ಹೆಸರಿನಲ್ಲಿರಲಿ. ಸರ್ಕಾರಿ ನೌಕರರಿಗೆ 1966ರಿಂದಲೂ ನಡತೆ ನಿಯಮಗಳಿದ್ದವು. 2021ರಲ್ಲಿ ಅವು ಹೊಸದಾಗಿ ಬಂದವು. ತನಗೋ ತನ್ನ ಕುಟುಂಬದವರಿಗೋ ಲಾಭನಷ್ಟದ ಸಂಬಂಧವಿರುವ ಕಡತ ಕೈಗೆ ಬಂದರೆ ನೌಕರ ಅದನ್ನು ತಾನೇ ತೀರ್ಮಾನಿಸದೆ ಮೇಲಧಿಕಾರಿಗೆ ಕಳಿಸಬೇಕು ಎಂಬುದು ಅವುಗಳ ಸಾರ. ನೌಕರನಿಗೆ ನೆಂಟರೇ ಇರಬಾರದು ಎಂದು ನಿಯಮ ಹೇಳುವುದಿಲ್ಲ. ಅದು ಆಗುವ ಮಾತೂ ಅಲ್ಲ. ಸಂಬಂಧವಿರುವುದು ತಪ್ಪಲ್ಲ, ಅದನ್ನು ಮುಚ್ಚಿಟ್ಟು ಸಹಿ ಹಾಕುವುದು ತಪ್ಪು. ಪಿಡಿಒ ಆದವರು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಗ್ರಾಮ ಆಡಳಿತ ಅಧಿಕಾರಿಯಾದವರು ತಹಶೀಲ್ದಾರರಿಗೆ ಎರಡು ಸಾಲು ಬರೆದರೆ ಸಾಕು: ಈ ಅರ್ಜಿದಾರರು ನನಗೆ ಸಂಬಂಧಿಕರು, ದಯವಿಟ್ಟು ಬೇರೆಯವರಿಂದ ಪರಿಶೀಲನೆ ಮಾಡಿಸಿ. ನೆಂಟಸ್ತನದಂತೆ ಹಗೆಯೂ ಒಂದು ಸಂಬಂಧವೇ. ಬೇಲಿ ತಕರಾರು ಇರುವ ಪಕ್ಕದ ತೋಟದವರ ಅರ್ಜಿ ಬಂದಾಗಲೂ ಇದೇ ಎರಡು ಸಾಲು ಬೇಕು. ಅಲ್ಲಿ ಕೊಡುವುದರಲ್ಲಿ ಪಕ್ಷಪಾತವಾಗದಿರಬಹುದು, ತಡೆಯುವುದರಲ್ಲಿ ಆಗಬಹುದು.

ಇಲ್ಲೊಂದು ತೊಡಕಿದೆ. ನಿಯಮದ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ ಅಥವಾ ಹೆಂಡತಿ, ಮಕ್ಕಳು, ಮತ್ತೆ ರಕ್ತದಿಂದಲೋ ಮದುವೆಯಿಂದಲೋ ಸಂಬಂಧಿಗಳಾಗಿ ನೌಕರನನ್ನೇ ನೆಚ್ಚಿಕೊಂಡಿರುವವರು, ಇಷ್ಟೇ. ನಮ್ಮ ಸೀಮೆಯ ಕುಟುಂಬ ಅಷ್ಟಕ್ಕೆ ಮುಗಿಯುವುದಿಲ್ಲ. ಬೇರೆ ಒಲೆ ಹೂಡಿಕೊಂಡ ಚಿಕ್ಕಪ್ಪನ ಮಗ, ಹೆಂಡತಿಯ ಅಣ್ಣ, ಬೀಗರು, ಇವರಾರೂ ಆ ವ್ಯಾಖ್ಯೆಯೊಳಗೆ ಬರಲಿಕ್ಕಿಲ್ಲ. ಕಡತದ ಮೇಲೆ ಅವರ ಹೆಸರು ಕಂಡಾಗ ಕೈ ಮಾತ್ರ ತಾನಾಗಿಯೇ ಹಗುರಾಗುತ್ತದೆ. ನಮ್ಮ ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಈಗಿನ ಕಾಂಚೀಪುರ ಜಿಲ್ಲೆಯ ಉತ್ತರಮೇರೂರಿನ ದೇವಾಲಯದ ಗೋಡೆಯ ಮೇಲೆ ಚೋಳ ದೊರೆ ಪರಾಂತಕನ ಕಾಲದ ಶಾಸನಗಳಿವೆ. ಸುಮಾರು 1,100 ವರ್ಷ ಹಳೆಯವು. ಊರಿನ 30 ಕೇರಿಗಳಿಂದ ಓಲೆಯ ಚೀಟಿ ಎತ್ತಿಸಿ ಸಮಿತಿಗಳಿಗೆ ಜನರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನ ಹೆಸರನ್ನು ಚೀಟಿಗೇ ಹಾಕುವಂತಿರಲಿಲ್ಲ. ಅಷ್ಟೇ ಅಲ್ಲ, ಅವನ ಚಿಕ್ಕಮ್ಮ ದೊಡ್ಡಮ್ಮನ ಮಕ್ಕಳು, ಸೋದರತ್ತೆ ಸೋದರಮಾವನ ಮಕ್ಕಳು, ಮಾವ, ಅಳಿಯ, ಹೆಂಡತಿಯ ಸಹೋದರ, ಅಕ್ಕತಂಗಿಯರ ಗಂಡಂದಿರು ಎಂದು ಬಳಗವನ್ನು ಒಬ್ಬೊಬ್ಬರಾಗಿ ಎಣಿಸಿ ಅವರನ್ನೂ ಆ ಶಾಸನಗಳು ಹೊರಗಿಟ್ಟಿದ್ದವು. ತಪ್ಪು ಮಾಡದ ನೆಂಟನನ್ನೂ ದೂರವಿಡುವ ಆ ಕಟ್ಟು ಇಂದಿಗೆ ಬಿಗಿಯೆನಿಸಬಹುದು. ಆದರೆ ಊರಿನ ಹಣ ಯಾವ ದಾರಿಯಲ್ಲಿ ಸೋರುತ್ತದೆ ಎಂಬ ಅರಿವು ಅದರಲ್ಲಿದೆ. ಇಂದಿನ ನಿಯಮ ಬಿಟ್ಟ ಜಾಗವನ್ನು ನಾವು ವಿವೇಕದಿಂದ ತುಂಬಿಕೊಳ್ಳಬೇಕು.

ಆ ವಿವೇಕವನ್ನು ನೌಕರನೊಬ್ಬನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. ಅವನನ್ನು ಮುಜುಗರಕ್ಕೆ ತಳ್ಳುವವರು ನಾವು, ಮನೆಯ ಹಿರಿಯರು. ಮದುವೆ ಮನೆಯಲ್ಲಿ ಅವನನ್ನು ಪಕ್ಕಕ್ಕೆ ಕರೆದು, ನಮ್ಮದೊಂದು ಸ್ವಲ್ಪ ನೋಡಪ್ಪ ಎನ್ನುತ್ತೇವೆ. ಆಗುವುದಿಲ್ಲ ಎಂದರೆ, ಕೆಲಸ ಸಿಕ್ಕಿದ ಮೇಲೆ ನಮ್ಮನ್ನು ಮರೆತ ಎಂದು ಮುನಿಸಿಕೊಳ್ಳುತ್ತೇವೆ. ಹಾಗೆ ಪಡೆದ ಸಹಿಯಿಂದ ಮೊದಲು ನಷ್ಟವಾಗುವುದು ನಮಗೇ. ನಮ್ಮ ಗೋಡೆ ನಿಜವಾಗಿಯೂ ಬಿದ್ದಿದ್ದರೂ, ಮಹಜರಿನ ಕೆಳಗೆ ಅಳಿಯನ ಸಹಿಯಿದ್ದರೆ ಊರು ಅದನ್ನು ನಂಬುವುದಿಲ್ಲ. ಹಕ್ಕಿನಿಂದ ಬಂದ ಹಣ ದಯೆಯಿಂದ ಬಂದದ್ದಾಗಿ ಕಾಣುತ್ತದೆ. ಪರಿಚಯವಿಲ್ಲದ ಅಧಿಕಾರಿ ಬಂದು ನೋಡಿ ಬರೆದರೆ ಎರಡು ದಿನ ತಡವಾದೀತು, ಆದರೆ ಆ ಪರಿಹಾರವನ್ನು ಯಾರೂ ಆಡಿಕೊಳ್ಳಲಾರರು. ಅಳಿಯನ ನೌಕರಿಯೂ ಕ್ಷೇಮ. ಆದ್ದರಿಂದ ಮುಂದಿನ ಗ್ರಾಮಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ, ನಮ್ಮ ಹೆಸರು ಬಂದರೆ ನಾವೇ ಎದ್ದು ನಿಲ್ಲೋಣ. ಈ ಹುಡುಗ ನಮ್ಮ ಸಂಬಂಧಿಕ, ನಮ್ಮ ಮನೆಯನ್ನು ಬೇರೆಯವರು ನೋಡಲಿ, ಹಾಗೆಂದು ನಡಾವಳಿಯಲ್ಲಿ ಬರೆಯಿರಿ ಎನ್ನೋಣ. ಹಿರಿಯರೊಬ್ಬರು ಹೀಗೆ ಹೇಳಿದರೆ ಆ ಹುಡುಗ ಬಾಯಿಬಿಟ್ಟು ಹೇಳಲಾರದ ಮಾತು ಹೇಳಿದಂತಾಯಿತು. ನಮ್ಮವನೆಂಬ ಪ್ರೀತಿ ನಿಜವಾಗಿದ್ದರೆ, ಅವನು ನಿರ್ಭಯವಾಗಿ ಕೆಲಸ ಮಾಡುವಂತೆ ನೋಡಿಕೊಳ್ಳುವುದೇ ನಾವು ಅವನಿಗೆ ಮಾಡಬಹುದಾದ ಉಪಕಾರ.