ಇಮೋಲಾದ ಕೊನೆಯ ಸುತ್ತು

(ಮಾವ ನಿವೃತ್ತ ವಕೀಲರು. ಅವರ ತಂಗಿಯ ಮಗಳು ಸುಮಾ ವಾಹನ ಕಂಪನಿಯೊಂದರಲ್ಲಿ ಎಂಜಿನ್ ಪರೀಕ್ಷಿಸುವ ಕೆಲಸದಲ್ಲಿದ್ದಾಳೆ. 1982ರ ಇಮೋಲಾ ಫಾರ್ಮುಲಾ ಒನ್ ಕಾರ್ ರೇಸಿನ ಹಳೆಯ ಚಿತ್ರೀಕರಣವನ್ನು ಇಬ್ಬರೂ ಈಗಷ್ಟೇ ನೋಡಿ ಮುಗಿಸಿದ್ದಾರೆ.)

ಮಾವ: ನೋಡಿದೆನಮ್ಮ. ಎರಡು ಕೆಂಪು ಕಾರು. ಮುಂದಿದ್ದದ್ದು ಹಿಂದಾಯಿತು, ಹಿಂದಿದ್ದದ್ದು ಮುಂದಾಯಿತು. ರೇಸ್ ಅಂದರೆ ಅದೇ ತಾನೆ? ಇದರಲ್ಲಿ ದ್ರೋಹ ಎಲ್ಲಿಂದ ಬಂತು?

ಸುಮಾ: ಎರಡೂ ಫೆರಾರಿ, ಮಾವ. ಒಂದೇ ತಂಡ.

ಮಾವ: ಬರೀ ತಂಡ ಗೆದ್ದರೆ ಸಾಕು ಅನ್ನುವುದಾದರೆ ಒಬ್ಬನನ್ನೇ ಕಳಿಸಬೇಕಿತ್ತು. ಇಬ್ಬರನ್ನು ಕೂರಿಸಿದ ಮೇಲೆ ಗೆಲ್ಲುವ ಹಕ್ಕು ಇಬ್ಬರಿಗೂ ಇರುತ್ತದೆ.

ಸುಮಾ: ಹಕ್ಕು ಇಲ್ಲ ಅಂತ ನಾನೆಲ್ಲಿ ಹೇಳಿದೆ? ಆವತ್ತು ಏನಾಯಿತು ಅಂತ ಮೊದಲು ಕೇಳಿ. 1982ರ ಏಪ್ರಿಲ್ 25, ಸ್ಯಾನ್ ಮರಿನೋ ಗ್ರ್ಯಾನ್ ಪ್ರಿ. ಬ್ರಿಟನ್ ಕಡೆಯ ಹೆಚ್ಚಿನ ತಂಡಗಳು ಆಡಳಿತದವರ ಜೊತೆ ಜಗಳ ಮಾಡಿಕೊಂಡು ಬರಲೇ ಇಲ್ಲ. ಹೊರಟದ್ದು 14 ಕಾರು. ಅದರಲ್ಲಿ ಗೆಲ್ಲುವಂಥವು ನಾಲ್ಕು: ಎರಡು ರೆನೋ, ಎರಡು ಫೆರಾರಿ. ಅಲೇನ್ ಪ್ರೊಸ್ಟ್‌ನ ರೆನೋ ಶುರುವಿನಲ್ಲೇ ಕೆಟ್ಟಿತು. ರೆನೆ ಆರ್ನೂನ ಎಂಜಿನ್ 44ನೇ ಸುತ್ತಿನಲ್ಲಿ ಹೋಯಿತು. ಇರುವುದು 60 ಸುತ್ತು. ಈಗ ಫೆರಾರಿಯ ಜಿಲ್ ವಿಲ್ನೇವ್ ಮೊದಲು, ಅದೇ ತಂಡದ ದಿದಿಯೇ ಪಿರೋನಿ ಎರಡನೆಯವನು, ಅವರ ಹತ್ತಿರಕ್ಕೆ ಬರಬಲ್ಲವರು ಯಾರೂ ಉಳಿದಿಲ್ಲ. ಟರ್ಬೊ ಎಂಜಿನ್, ಇಮೋಲಾದಲ್ಲಿ ಇಂಧನ ಬೇರೆ ಜಾಸ್ತಿ ಬೇಕು. ಹೀಗೇ ಜೋರಾಗಿ ಹೊಡೆದಾಡಿದರೆ ಎರಡೂ ಕಾರು ಇಂಧನ ಖಾಲಿಯಾಗಿ ದಾರಿಯಲ್ಲೇ ನಿಲ್ಲಬಹುದು. ಹಾಗಾಗಿ ಫೆರಾರಿಯವರು ಪಿಟ್‌ನಿಂದ ಫಲಕ ತೋರಿಸಿದರು: 'ಸ್ಲೋ'. ವಿಲ್ನೇವ್ ವೇಗ ಇಳಿಸಿದ. ಪಿರೋನಿ ಅವನನ್ನು ದಾಟಿದ. ಬಂದ ಜನಕ್ಕೆ ಒಂದಿಷ್ಟು ಮನರಂಜನೆ ಕೊಡುತ್ತಿದ್ದಾನೆ ಅಂದುಕೊಂಡು ವಿಲ್ನೇವ್ ಮತ್ತೆ ದಾಟಿ, ಮತ್ತೆ ವೇಗ ಇಳಿಸಿದ. ಹೀಗೇ ಅದಲು ಬದಲು ನಡೆಯಿತು. 59ನೇ ಸುತ್ತಿನಲ್ಲಿ ವಿಲ್ನೇವ್ ಮುಂದಿದ್ದ. ಇನ್ನು ಮುಗಿಯಿತು ಅಂತ ಒಳಪಕ್ಕವನ್ನು ಕಾಯದೆ ಹೊರಟ. ಕೊನೆಯ ಸುತ್ತಿನ ತೋಸಾ ತಿರುವಿನಲ್ಲಿ ಪಿರೋನಿ ಒಳಗಿನಿಂದ ನುಗ್ಗಿದ. ಗೆದ್ದದ್ದು 0.366 ಸೆಕೆಂಡಿನಿಂದ.

ಮಾವ: ಫಲಕದಲ್ಲಿ 'ನಿಧಾನ' ಅಂತಿತ್ತು. 'ದಾಟಬೇಡ' ಅಂತ ಇತ್ತೇ?

ಸುಮಾ: ಇರಲಿಲ್ಲ.

ಮಾವ: ಪಿರೋನಿ ಬಾಯಿಬಿಟ್ಟು ಏನಾದರೂ ಒಪ್ಪಿಕೊಂಡಿದ್ದನೇ?

ಸುಮಾ: ಇಲ್ಲ. ಅಂಥ ಆದೇಶವೇ ಇರಲಿಲ್ಲ, ಕಾರು ಜೋಪಾನ ಅಂತಷ್ಟೇ ಫಲಕದ ಅರ್ಥ ಅನ್ನುವುದೇ ಅವನ ವಾದ.

ಮಾವ: ಮುಗಿಯಿತಲ್ಲ! ಪುಣ್ಯಕೋಟಿ ಹುಲಿಗೆ ಮಾತು ಕೊಟ್ಟಿದ್ದಳು, ಅದಕ್ಕೇ ವಾಪಸು ಬಂದಳು. ಈ ಮನುಷ್ಯ ಮಾತೇ ಕೊಟ್ಟಿಲ್ಲ. ಕೊಡದ ಮಾತಿಗೆ ತಪ್ಪಿದ ಅನ್ನುವುದು ಯಾವ ನ್ಯಾಯ?

ಸುಮಾ: ನೀವೇ ಆ ಕಥೆ ಎತ್ತಿದ್ದು ಒಳ್ಳೆಯದಾಯಿತು. ಎಲ್ಲರೂ ಹಸುವನ್ನು ಹೊಗಳುತ್ತಾರೆ, ನಾನು ಹುಲಿಯ ಬಗ್ಗೆ ಯೋಚಿಸುತ್ತೇನೆ. ಮೊದಲು ಹಿಡಿತ ಸಡಿಲಿಸಿದ್ದು ಅದು. ಹಸಿದ ಪ್ರಾಣಿ, ಬಾಯಿಗೆ ಬಂದದ್ದನ್ನು ಬಿಟ್ಟು ಕೂತಿತು. ಹಸು ಬರದೇ ಇದ್ದಿದ್ದರೆ ಕಳೆದುಕೊಳ್ಳುತ್ತಿದ್ದದ್ದು ಅದೇ. ಇಮೋಲಾದಲ್ಲಿ ಹುಲಿ ವಿಲ್ನೇವ್. ವೇಗ ಇಳಿಸುವುದು ಅಂದರೆ ಹಿಡಿತ ಸಡಿಲಿಸುವುದೇ. ಅವನು ಸಡಿಲಿಸಿದ್ದನ್ನು ಪಿರೋನಿ ಹಿಂದೆ ಕೂತು ಕಣ್ಣಾರೆ ನೋಡುತ್ತಿದ್ದ. ಯಾಕೆ ಸಡಿಲಿಸಿದ ಅಂತಲೂ ಅವನಿಗೆ ಗೊತ್ತು, ಅದೇ ಫಲಕವನ್ನು ಅವನೂ ಓದಿದ್ದಾನೆ. ಆ ಸಡಿಲಿಕೆಯ ಲಾಭವನ್ನೇ ಅವನು ಬಾಚಿಕೊಂಡದ್ದು. ವಿಲ್ನೇವ್ ಮುಂದಿದ್ದಾಗ ಸುತ್ತು ನಿಧಾನ, ಪಿರೋನಿ ಮುಂದಿದ್ದಾಗ ಬೇಗ. ಸುತ್ತಿನ ಸಮಯ ನೋಡಿದರೆ ಗೊತ್ತಾಗುತ್ತದೆ. ಅರ್ಹತಾ ಸುತ್ತಿನಲ್ಲಂತೂ ವಿಲ್ನೇವ್ ಅವನಿಗಿಂತ ಒಂದು ಸೆಕೆಂಡಿಗೂ ಹೆಚ್ಚು ವೇಗವಾಗಿದ್ದ. ಅಂಥವನನ್ನು ದಾಟಲು ಆದದ್ದು ಅವನು ಆ ಹೊತ್ತಿನಲ್ಲಿ ರೇಸ್ ಮಾಡುತ್ತಿರಲಿಲ್ಲ ಅನ್ನುವ ಒಂದೇ ಕಾರಣಕ್ಕೆ.

ಮಾವ: ಟಿಕೆಟ್ ಕೊಂಡು ಬಂದ ಜನಕ್ಕೆ ಮೆರವಣಿಗೆ ತೋರಿಸಬೇಕಿತ್ತೇನು ಹಾಗಾದರೆ?

ಸುಮಾ: ಜನರ ಕಣ್ಣಿಗೆ ಅದು ಕಾಳಗವೇ. ಕಾದಾಡುತ್ತಿದ್ದವನು ಮಾತ್ರ ಒಬ್ಬ.

ಮಾವ: ಹೂಂ. (ಸ್ವಲ್ಪ ಹೊತ್ತು ಬಿಟ್ಟು) ನನ್ನ ಪುಸ್ತಕಗಳೂ ನಿನ್ನ ಕಡೆಗೇ ವಾಲುತ್ತವೆ ಅನ್ನು. ನಮ್ಮ 1872ರ ಕರಾರು ಕಾಯಿದೆಯ 9ನೇ ಕಲಮಿನಲ್ಲಿ ಮಾತಿನಲ್ಲಿ ಆಡದ ವಾಗ್ದಾನಕ್ಕೂ ಜಾಗ ಇದೆ. 2024ರ ತನಕ ಜಾರಿಯಲ್ಲಿದ್ದ, ಅದೇ ವರ್ಷದ ಸಾಕ್ಷ್ಯ ಕಾಯಿದೆಯ 115ನೇ ಕಲಮು ಇನ್ನೂ ಖಾರವಾಗಿತ್ತು. ನಿನ್ನ ನಡತೆಯಿಂದ ಒಬ್ಬ ಒಂದು ಸಂಗತಿಯನ್ನು ನಂಬಿ, ಆ ನಂಬಿಕೆಯ ಮೇಲೆ ಏನೋ ಮಾಡಲು ನೀನು ಬುದ್ಧಿಪೂರ್ವಕ ಬಿಟ್ಟೆಯೋ, ಆಮೇಲೆ 'ಅದು ಹಾಗಿರಲಿಲ್ಲ' ಅನ್ನಲು ನಿನಗೆ ಬಾಯಿಲ್ಲ. ಎಷ್ಟೋ ಆಸ್ತಿ ವ್ಯಾಜ್ಯಗಳಲ್ಲಿ ಇದನ್ನೇ ಹಿಡಿದು ವಾದಿಸಿದ್ದೇನೆ. ಒಪ್ಪಿದೆ ಹೋಗು.



ಸುಮಾ: ಆದರೆ ವಿಲ್ನೇವ್ ಅಷ್ಟು ನಂಬಿದ್ದು ಯಾಕೆ ಅನ್ನುವುದನ್ನೂ ಹೇಳಬೇಕು. 1979ರ ಮೊನ್ಜಾ. ಜೋಡಿ ಶೆಕ್ಟರ್ ಮುಂದೆ, ವಿಲ್ನೇವ್ ಅವನ ಬೆನ್ನಿಗೆ. ಆವತ್ತು ದಾಟಿದ್ದರೆ ವಿಶ್ವ ಚಾಂಪಿಯನ್ ಆಗುವ ಅವಕಾಶ ವಿಲ್ನೇವ್‌ಗೂ ಉಳಿಯುತ್ತಿತ್ತು. ದಾಟಲಿಲ್ಲ, ಅರ್ಧ ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಹಿಂಬಾಲಿಸಿ ಗೆರೆ ಮುಟ್ಟಿದ. ಶೆಕ್ಟರ್ ಅಲ್ಲೇ ಚಾಂಪಿಯನ್ ಆದ. ಅದೇ ಫೆರಾರಿಯ ಪದ್ಧತಿ ಅಂತ ವಿಲ್ನೇವ್ ನಂಬಿದ್ದ, ಅದರ ಬೆಲೆಯನ್ನೂ ತೆತ್ತಿದ್ದ. ಮೂರು ವರ್ಷದ ಮೇಲೆ ತನ್ನ ಸರದಿ ಬಂದಾಗ ಅದೇ ಪದ್ಧತಿ ತನ್ನನ್ನೂ ಕಾಯುತ್ತದೆ ಅಂದುಕೊಂಡದ್ದು ಪೆದ್ದುತನವೇ?

ಮಾವ: ಪೆದ್ದುತನವಲ್ಲ. ಆದರೂ ರೇಸಿಗೆ ಮುಂಚೆ ಇಬ್ಬರೂ ಎದುರುಬದುರು ಕೂತು ಸ್ಪಷ್ಟವಾಗಿ ಮಾತಾಡಿಕೊಂಡಿದ್ದರೆ ಈ ರಾದ್ಧಾಂತವೇ ಇರುತ್ತಿರಲಿಲ್ಲ. ಕರಾರು ಬಾಯಲ್ಲಿರಬೇಕು, ಕಾಗದದಲ್ಲಿದ್ದರೆ ಇನ್ನೂ ಮೇಲು.

ಸುಮಾ: ಅದನ್ನೂ ಮಾಡಿ ನೋಡಿದ್ದಾರೆ, ಅದೇ ಇಮೋಲಾದಲ್ಲಿ. 1989ರಲ್ಲಿ ಮೆಕ್‌ಲಾರೆನ್ ತಂಡದ ಐರ್ಟನ್ ಸೆನ್ನಾ ಮತ್ತು ಪ್ರೊಸ್ಟ್ ಮೊದಲೇ ಮಾತಾಡಿಕೊಂಡರು: ಹೊರಟ ಮೇಲೆ ಮೊದಲ ತಿರುವಿಗೆ ಯಾರು ಮುಂದೆ ಹೋಗುತ್ತಾರೋ ಅವರನ್ನು ಇನ್ನೊಬ್ಬರು ಅಲ್ಲಿ ಕೆಣಕಬಾರದು. ಸೆನ್ನಾ ಮುಂದೆ ಹೋದ, ಪ್ರೊಸ್ಟ್ ಸುಮ್ಮನಿದ್ದ. ಆಮೇಲೆ ಗೆರಾರ್ಡ್ ಬರ್ಗರ್‌ನ ಕಾರು ಗೋಡೆಗೆ ಗುದ್ದಿ ಹೊತ್ತಿಕೊಂಡಿತು, ರೇಸ್ ನಿಲ್ಲಿಸಿ ಮತ್ತೆ ಹೊರಡಿಸಿದರು. ಈ ಸಲ ಪ್ರೊಸ್ಟ್ ಮುಂದೆ. ಸೆನ್ನಾ ಸುಮ್ಮನಿರಲಿಲ್ಲ, ತೋಸಾದಲ್ಲೇ ದಾಟಿ ಗೆದ್ದ. ಇದು ಮರು ಆರಂಭ, ಆರಂಭ ಅಲ್ಲ ಅನ್ನುವ ಸಮರ್ಥನೆ ಬಂತು ಅಂತ ಪ್ರೊಸ್ಟ್ ಹೇಳಿದ. ಆಮೇಲೆ ಇಬ್ಬರ ನಡುವೆ ಮಾತುಕತೆಯೇ ನಿಂತುಹೋಯಿತು. ಅಕ್ಟೋಬರಿನಲ್ಲಿ ಜಪಾನಿನ ಸುಜುಕಾದಲ್ಲಿ ಎರಡೂ ಕಾರು ಒಂದಕ್ಕೊಂದು ಸಿಕ್ಕಿಕೊಂಡು ನಿಂತವು, ಪ್ರಶಸ್ತಿ ನಿರ್ಧಾರವಾದದ್ದೇ ಆ ಗುದ್ದಾಟದಲ್ಲಿ. ಈಗ ಹೇಳಿ, ಕಾಗದದಲ್ಲಿ ಬರೆದಿದ್ದರೆ ಏನು ಬದಲಾಗುತ್ತಿತ್ತು?

ಮಾವ: ಬರೆದದ್ದರಲ್ಲೂ ಸಂದು ಹುಡುಕುವವರು ಇರುತ್ತಾರೆ. ಅದರಿಂದಲೇ ನಮ್ಮಂಥವರ ಹೊಟ್ಟೆ ತುಂಬಿದ್ದು.

ಸುಮಾ: ಒಪ್ಪಂದ ಮೌನವಾಗಿತ್ತು ಅನ್ನುವುದು ಪಿರೋನಿಗೆ ಸಿಕ್ಕ ಸಂದು. ಸೆನ್ನಾಗೆ ಮಾತಿನಲ್ಲೇ ಸಂದು ಸಿಕ್ಕಿತು.

ಮಾವ: ನಮ್ಮ ಬೆಂಗಳೂರಿನ ಮಲ್ಯರ ತಂಡದಲ್ಲೂ ಇಂಥದ್ದೇನೋ ಆಗಿತ್ತಲ್ಲ?

ಸುಮಾ: ಫೋರ್ಸ್ ಇಂಡಿಯಾ, 2017. ಅದರ ಚಾಲಕರಾದ ಪೆರೆಸ್, ಓಕಾನ್ ಇಬ್ಬರೂ ಬಾಕುವಿನಲ್ಲಿ ಗುದ್ದಿಕೊಂಡರು, ಸ್ಪಾದಲ್ಲಿ ಮತ್ತೆ ಗುದ್ದಿಕೊಂಡರು. ಕೊನೆಗೆ ತಂಡವೇ ಲಗಾಮು ಹಾಕಬೇಕಾಯಿತು. ಅದು ಬರೀ ಹುಡುಗಾಟ ಬಿಡಿ. ಅಲ್ಲಿ ಯಾರೂ ಯಾರನ್ನೂ ನಂಬಿರಲಿಲ್ಲ, ಹಾಗಾಗಿ ಯಾರಿಗೂ ಮೋಸವೂ ಆಗಲಿಲ್ಲ.

ಮಾವ: ಆದರೆ ನನಗೊಂದು ಅನುಮಾನ. ನೀನು ಹೇಳುವ ಹಾಗೆ ನಡೆದರೆ ಯಜಮಾನ ಹೇಳಿದಂತೆ ಕುಣಿಯುವುದೇ ಧರ್ಮ ಅಂತ ಆಗುವುದಿಲ್ಲವೇ?

ಸುಮಾ: ಅದಲ್ಲ. 2002ರ ಆಸ್ಟ್ರಿಯಾದಲ್ಲಿ ಅದೇ ಫೆರಾರಿ, ರೇಸಿನ ಬಹುಪಾಲು ಮುಂದಿದ್ದ ತನ್ನ ಚಾಲಕ ಬ್ಯಾರಿಕೆಲ್ಲೊಗೆ, ಜೊತೆಗಾರ ಶೂಮಾಕರ್‌ಗೆ ಗೆಲುವು ಬಿಟ್ಟುಕೊಡಲು ಹೇಳಿತು. ಅವನು ಗೆರೆಯ ಹತ್ತಿರ ವೇಗ ಇಳಿಸಿ ಬಿಟ್ಟುಕೊಟ್ಟ, ಜನ ಛೀಮಾರಿ ಹಾಕಿದರು. ಮರುವರ್ಷದಿಂದ ತಂಡದ ಆದೇಶಗಳನ್ನೇ ನಿಷೇಧಿಸಿದರು, 2010ರ ತನಕ ಆ ನಿಷೇಧ ಕಾಗದದ ಮೇಲಿತ್ತು. ಅಲ್ಲಿ ಆದೇಶ ಪಾಲನೆಯಾಯಿತು, ಆಟ ಹಾಳಾಯಿತು. ಆದೇಶ ಮೇಲಿನಿಂದ ಬರುವಂಥದ್ದು. ನಾನು ಹೇಳುತ್ತಿರುವುದು ಒಂದೇ ದಾರಿಯಲ್ಲಿ ಓಡುವ ಇಬ್ಬರ ನಡುವೆ ಇರುವ ಸಂಗತಿ. ಆ ಇಮೋಲಾದಲ್ಲಿ ಫೆರಾರಿಗೆ ಯಾರು ಗೆದ್ದರೂ ಒಂದೇ, ಮೊದಲಿನವನಿಗೆ 9, ಎರಡನೆಯವನಿಗೆ 6, ಒಟ್ಟು 15 ಅಂಕ ಹೇಗೂ ಬರುತ್ತಿತ್ತು. ತಂಡಕ್ಕೆ ನಷ್ಟವಿಲ್ಲದ ಕಡೆ ತಂಡ ಕಾವಲು ಕಾಯುವುದಿಲ್ಲ. ಕಾಯಬೇಕಾದವರು ಅವರಿಬ್ಬರೇ. ಇನ್ನೂ ಒಂದು ಇದೆ. ಬೇರೆ ತಂಡದವನಿಗೆ ಸೋತರೆ ತಪ್ಪನ್ನು ಕಾರಿನ ಮೇಲೆ ಹಾಕಬಹುದು: ಅವನ ಎಂಜಿನ್ ಜೋರು, ನನ್ನ ಟೈರು ಸರಿಯಿಲ್ಲ. ಜೊತೆಗಾರನಿಗೆ ಸೋತರೆ ಹಾಕಲು ಏನೂ ಉಳಿಯುವುದಿಲ್ಲ, ಇಬ್ಬರದೂ ಅದೇ ಕಾರು. ಇಡೀ ಮೈದಾನದಲ್ಲಿ ನಿಜವಾದ ಅಳತೆಗೋಲು ಅಂತ ಇದ್ದರೆ ಅವನೊಬ್ಬನೇ. ಅದಕ್ಕೇ ಆ ಒಬ್ಬನನ್ನು ಸೋಲಿಸುವ ಆಸೆ ಎಲ್ಲಕ್ಕಿಂತ ಜೋರು. ನನಗೆ ಪಿರೋನಿಯ ಆಸೆ ಅರ್ಥವಾಗುತ್ತದೆ ಮಾವ. ಆದರೆ ಆವತ್ತು ಅವನು ಆ ಅಳತೆಗೋಲನ್ನೇ ಬಗ್ಗಿಸಿ ಅಳೆದ. ವಿಲ್ನೇವ್‌ಗಿಂತ ತಾನು ವೇಗವೋ ಅಲ್ಲವೋ ಅಂತ ಆ ಗೆಲುವಿನಿಂದ ಅವನಿಗೂ ಗೊತ್ತಾಗಿರಲಾರದು.

ಮಾವ: ಸರಿ, ಸರಿ. ಆದರೆ ಆಮೇಲೆ ಎರಡೇ ವಾರದಲ್ಲಿ ವಿಲ್ನೇವ್ ಸತ್ತನಲ್ಲ. ಆ ಸಾವಿನ ಹೊಣೆ ಪಿರೋನಿಯದು ಅನ್ನುತ್ತೀಯಾ?

ಸುಮಾ: ಅನ್ನುವುದಿಲ್ಲ.

ಮಾವ: ಇನ್ನು ಅವನ ಜೊತೆ ಮಾತೇ ಆಡುವುದಿಲ್ಲ ಅಂದವನು ವಿಲ್ನೇವ್. ಸಿಟ್ಟಿನಲ್ಲೇ ಬೆಲ್ಜಿಯಂನ ಜೋಲ್ಡರ್‌ಗೆ ಹೋದ. ಅಲ್ಲಿ ಅರ್ಹತಾ ಸುತ್ತಿನಲ್ಲಿ ಪಿರೋನಿ ಇವನಿಗಿಂತ ಕೂದಲೆಳೆಯಷ್ಟು ಮುಂದಿದ್ದ ಅಂತ ನೀನೇ ಹೇಳಿದ್ದೆ. ಕಾರಣ, ಕಾರ್ಯ ಎರಡೂ ಕಣ್ಣೆದುರಿಗೇ ಇವೆ.

ಸುಮಾ: ಮೇ 8ರಂದು ಆದದ್ದು ಇಷ್ಟು. ಮುಂದೆ ಯೋಖೆನ್ ಮಾಸ್ ನಿಧಾನವಾಗಿ ಹೋಗುತ್ತಿದ್ದ. ವಿಲ್ನೇವ್ ಬರುವುದನ್ನು ಕಂಡು ದಾರಿ ಬಿಡಲು ಬಲಕ್ಕೆ ಸರಿದ. ವಿಲ್ನೇವ್ ಕೂಡ ಅದೇ ಕ್ಷಣದಲ್ಲಿ ಬಲಕ್ಕೆ ಬಂದ. ಚಕ್ರಕ್ಕೆ ಚಕ್ರ ತಗುಲಿ ಕಾರು ಹಾರಿತು. ಅವನು ಸಿಟ್ಟಿನಿಂದ ಹೊಡೆಯುತ್ತಿದ್ದ ಅನ್ನುವವರಿದ್ದಾರೆ. ಫೆರಾರಿಯ ಎಂಜಿನಿಯರ್ ಫೋರ್ಗಿಯೆರಿ ಮಾತ್ರ ಅವನು ಪಿಟ್‌ಗೆ ವಾಪಸು ಬರುತ್ತಿದ್ದ ಅಂದರು. ಸಿಟ್ಟಿಲ್ಲದಾಗಲೂ ವಿಲ್ನೇವ್ ಓಡಿಸುತ್ತಿದ್ದದ್ದು ಹಾಗೆಯೇ. ಸತ್ತವನ ಮನಸ್ಸಿನಲ್ಲಿ ಏನಿತ್ತು ಅಂತ ಊಹಿಸಿ ಇನ್ನೊಬ್ಬನ ತಲೆಗೆ ಕೊಲೆ ಕಟ್ಟುವುದು ತಪ್ಪು. ಅದೂ ಅಲ್ಲದೆ, ವಿಲ್ನೇವ್ ಬದುಕಿ ತೊಂಬತ್ತು ವರ್ಷ ಬಾಳಿದ್ದರೂ ಇಮೋಲಾದ ತಪ್ಪು ತಪ್ಪೇ. ಸಾವನ್ನು ಎಳೆದು ತಂದರೆ ಎಲ್ಲರೂ ಅದನ್ನೇ ನೋಡುತ್ತಾರೆ, ತೋಸಾ ತಿರುವು ಮರೆತೇ ಹೋಗುತ್ತದೆ.

ಮಾವ: ಒಪ್ಪಿದೆ.

ಸುಮಾ: ಇಷ್ಟು ಬೇಗ ಒಪ್ಪಿದರೆ ನನಗೇ ಅನುಮಾನ ಬರುತ್ತದೆ.

ಮಾವ: ಒಪ್ಪದೆ ಇಟ್ಟುಕೊಂಡದ್ದು ಒಂದಿದೆ, ಕೇಳು. ಚಾಲಕನನ್ನು ನಾವು ಸಾಕುವುದೇ ಸಂದು ಕಂಡರೆ ನುಗ್ಗಲಿ ಅಂತ. ನುಗ್ಗಿದಾಗ ಚಪ್ಪಾಳೆ, ಪಾರಿತೋಷಕ, ಹಣ. ಒಂದು ದಿನ ಒಂದು ಫಲಕ ತೋರಿಸಿ, ಈಗ ಸಜ್ಜನನಾಗು ಅಂದರೆ ಅವನು ಆಗುತ್ತಾನೆಯೇ?

ಸುಮಾ: ವಿಲ್ನೇವ್ ಆಗಿದ್ದನಲ್ಲ. ಅವನಷ್ಟು ನುಗ್ಗುವವನು ಆ ಕಾಲದಲ್ಲಿ ಇನ್ನೊಬ್ಬನಿರಲಿಲ್ಲ.

ಮಾವ: ಹಾಗಾದರೆ ತೀರ್ಪೇನು? ಗೆಲುವು ಕಿತ್ತುಕೊಳ್ಳಬೇಕೇ?

ಸುಮಾ: ಬೇಡ. ನಿಯಮದ ಪ್ರಕಾರ ಪಿರೋನಿ ಗೆದ್ದ, ದಾಖಲೆಯಲ್ಲಿ ಹಾಗೇ ಇರಲಿ. ಗೆದ್ದವನು ಅಂತ ಬರೆಯಲು ನನ್ನ ಅಡ್ಡಿಯಿಲ್ಲ, ವಿಲ್ನೇವ್‌ನನ್ನು ಸೋಲಿಸಿದವನು ಅಂತ ಮಾತ್ರ ಬರೆಯಬೇಡಿ.

ಮಾವ: ಅಷ್ಟೆಲ್ಲ ಮಾಡಿ ಅವನಿಗೆ ದಕ್ಕಿದ್ದೇನು?

ಸುಮಾ: ಎರಡನೆಯ ಸ್ಥಾನಕ್ಕಿಂತ 3 ಅಂಕ ಹೆಚ್ಚು. ಆಗಸ್ಟಿನಲ್ಲಿ ಹಾಕನ್‌ಹೈಮ್‌ನಲ್ಲಿ, ಮಳೆಯಲ್ಲಿ ಅಭ್ಯಾಸ ಮಾಡುವಾಗ ಪ್ರೊಸ್ಟ್‌ನ ಕಾರಿಗೆ ಹಿಂದಿನಿಂದ ಗುದ್ದಿ ಪಿರೋನಿಯ ಕಾಲುಗಳು ಮುರಿದವು. ಆ ವರ್ಷದ ಕೊನೆಯ ಐದು ರೇಸುಗಳಿಗೆ ಅವನಿಲ್ಲ. ಫಾರ್ಮುಲಾ ಒನ್‌ಗೆ ಮತ್ತೆ ಬರಲೇ ಇಲ್ಲ. ವರ್ಷದ ಕೊನೆಗೆ ಕೆಕೆ ರೋಸ್‌ಬರ್ಗ್ 44 ಅಂಕದೊಂದಿಗೆ ಚಾಂಪಿಯನ್, ಪಿರೋನಿಗೆ 39. ಇಮೋಲಾದ ಆ 3 ಅಂಕ ಇದ್ದರೂ ಇಲ್ಲದಿದ್ದರೂ ಚಾಂಪಿಯನ್ ರೋಸ್‌ಬರ್ಗೇ. ತಯಾರಕರ ಪ್ರಶಸ್ತಿ ಫೆರಾರಿಗೆ ಹೋಯಿತು.